ಎಷ್ಟನೇ ಸಾಲು?

"ಪ್ರಯಾಣಿಕರೊಬ್ಬರಿಗೆ ಎದೆನೋವು. ಪ್ರಜ್ಞೆ ತಪ್ಪಿದೆ. ಕೂಡಲೇ ಇಳಿಯಬೇಕು!"

ಪೈಲಟ್‌ನ ದನಿ ನಡುಗುತ್ತಿತ್ತು. ಕಂಟ್ರೋಲ್ ಟವರಿನಲ್ಲಿ ಕುಳಿತಿದ್ದ ಅವಳ ದನಿ ನಡುಗಲಿಲ್ಲ. ಗಂಡ ಹೋದ ಮೇಲೆ, ಈ ಎರಡು ವರ್ಷದಲ್ಲಿ, ಅದು ಯಾವುದಕ್ಕೂ ನಡುಗಿರಲಿಲ್ಲ.

ಮುಂದಿದ್ದ ಮೂರು ವಿಮಾನಗಳಿಗೆ ಮೇಲೆಯೇ ಸುತ್ತು ಹಾಕುತ್ತಿರಲು ಹೇಳಿದಳು. ಇದಕ್ಕೆ ನೇರ ದಾರಿ ಕೊಟ್ಟಳು. ಅವಳು ಹೇಳಿದ್ದನ್ನೆಲ್ಲ ಪೈಲಟ್ ತಿರುಗಿ ಹೇಳಿದ. ತಿರುಗಿ ಹೇಳಿದರಷ್ಟೇ ಕೇಳಿಸಿತೆಂದು ಅರ್ಥ; ಅದು ಅಲ್ಲಿನ ನಿಯಮ.

ಆಮೇಲೆ, ಯಾವ ನಿಯಮದಲ್ಲೂ ಇಲ್ಲದ ಪ್ರಶ್ನೆಯೊಂದನ್ನು ಕೇಳಿದಳು.

"ರೋಗಿ ಎಷ್ಟನೇ ಸಾಲಿನಲ್ಲಿದ್ದಾರೆ?"

"ಇಪ್ಪತ್ತಾರು."

ಕೆಳಗೆ ಆಂಬುಲೆನ್ಸಿನಲ್ಲಿ ಕಾಯುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದಳು. ಅವನು ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ.

"ಸಾಲು ಇಪ್ಪತ್ತಾರು. ಹಿಂದಿನ ಬಾಗಿಲಿಗೆ ಬನ್ನಿ."

"ಏನ್ರೀ, ಸಿನಿಮಾ ಟಿಕೆಟ್ ಕೊಡ್ತಾ ಇದ್ದೀರಾ? ಎಲ್ಲರೂ ಮುಂದಿನ ಬಾಗಿಲಲ್ಲೇ ಹತ್ತೋದು!"

"ಹಿಂದಿನ ಬಾಗಿಲು. ಏಣಿ ಅಲ್ಲಿಗೇ ಕಳಿಸಿದ್ದೀನಿ."

ವಿಮಾನ ಇಳಿದು ನಿಂತ ನಾಲ್ಕೇ ನಿಮಿಷದಲ್ಲಿ ರೋಗಿಯನ್ನು ಹೊತ್ತ ಆಂಬುಲೆನ್ಸ್ ಗೇಟು ದಾಟಿತು. ಸುತ್ತು ಹಾಕುತ್ತಿದ್ದ ಮೂರು ವಿಮಾನಗಳನ್ನು ಅವಳು ಒಂದೊಂದಾಗಿ ಇಳಿಸಿದಳು.

ನಾಲ್ಕನೆಯ ದಿನ ಡಾಕ್ಟರ್ ಏದುಸಿರು ಬಿಡುತ್ತ ಟವರ್ ಹತ್ತಿ ಬಂದ.

"ಅವತ್ತು ರೇಗಿದ್ದಕ್ಕೆ ಸಾರಿ. ಮುಂದಿನ ಬಾಗಿಲಿಂದ ಹತ್ತಿದ್ರೆ ಸೀಟುಗಳ ನಡುವಿನ ಆ ಓಣಿಯಲ್ಲಿ ಸಿಕ್ಕಿಹಾಕ್ಕೊಂಡಿರ್ತಿದ್ವಿ. ಅಂದ ಹಾಗೆ, ಆ ರೋಗಿ..."

"ಹೇಳ್ಬೇಡಿ."

"ಅಲ್ಲ, ಅವರು..."

"ನನಗೆ ಬೇಡ. ನನ್ನ ಕೆಲಸ ಬಾಗಿಲ ತನಕ."

ಅವನ ಮುಖ ಸಪ್ಪಗಾಯಿತು. "ಎಂಥ ಕಲ್ಲು ಮನಸ್ಸು ಕಣ್ರೀ ನಿಮ್ದು!"

ಕಲ್ಲು... ಇರಬಹುದು. ಅವಳಿಗೆ ನೋವಾಗಲಿಲ್ಲ. ನೋವಾಗದಿರುವುದು ಅಭ್ಯಾಸವಾಗಿ ಹೋಗಿತ್ತು.

ಸಂಜೆ ಮನೆಯಲ್ಲಿ ಅತ್ತೆ ಎಂದಿನಂತೆ ಕೇಳಿದರು. "ಇವತ್ತು ಎಷ್ಟು ಇಳಿಸಿದೆ ತಾಯಿ?"

"ಎಪ್ಪತ್ತು, ಅತ್ತೆ."

"ಎಲ್ಲಾರ್ನೂ ನೆಲ ಮುಟ್ಟಿಸ್ತೀಯ. ನೀನೊಬ್ಳೇ ಇನ್ನೂ ಮೇಲೆ ಸುತ್ತು ಹಾಕ್ತಿದ್ದೀಯ."

ಅವಳು ತಟ್ಟೆ ತೊಳೆಯಲು ಎದ್ದಳು.

ತಿಂಗಳ ಬಳಿಕ ಇನ್ನೊಂದು ವಿಮಾನ. ಉಸಿರಾಡಲು ಕಷ್ಟಪಡುತ್ತಿದ್ದ ಒಬ್ಬ ಹೆಂಗಸು. ಟವರಿನಿಂದ ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ...

"ಎಷ್ಟನೇ ಸಾಲು?"

"ನಾಲ್ಕು."

"ಮುಂದಿನ ಬಾಗಿಲು. ಹೊರಟೆ."

ಫೋನ್ ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು.

ಪಾಳಿ ಮುಗಿಸಿ ಅವಳೇ ಕ್ಯಾಂಟೀನಿಗೆ ಹೋದಳು. ಡಾಕ್ಟರ್ ಒಬ್ಬನೇ ಕುಳಿತಿದ್ದ.

"ಸಾಲು ಯಾಕೆ ಕೇಳ್ತೀನಿ ಅಂತ ನೀವು ಕೇಳಲೇ ಇಲ್ಲ."

"ಹೇಳಲ್ಲ ಅಂದ್ಕೊಂಡೆ."

"ನಮ್ಮನೆ ಮೂರನೇ ಮಹಡಿ. ನಮ್ಮವರಿಗೆ ಎದೆನೋವು ಬಂದಾಗ ಸ್ಟ್ರೆಚರ್ ಮೆಟ್ಟಿಲ ತಿರುವಲ್ಲಿ ಸಿಕ್ಕಿಕೊಳ್ತು. ಹನ್ನೊಂದು ನಿಮಿಷ... ಕೆಳಗೆ ತಂದಾಗ ಅವರಿರಲಿಲ್ಲ."

ಅವನು ತಾನಿನ್ನೂ ಮುಟ್ಟದ ಟೀ ಲೋಟವನ್ನು ಅವಳತ್ತ ಸರಿಸಿದ. ಅಂದು ಕಲ್ಲು ಮನಸ್ಸು ಎಂದಿದ್ದು ಈಗ ಅವನನ್ನೇ ಚುಚ್ಚಿತು.

"ಅವತ್ತು ಆ ರೋಗಿ ಬಗ್ಗೆ ಹೇಳೋಕೆ ಬಂದಿದ್ರಲ್ಲ... ಈಗ ಹೇಳಿ."

"ಅವರು ಉಳೀಲಿಲ್ಲ."

ಅವಳು ತಲೆಯಾಡಿಸಿದಳು.

"ಆದ್ರೆ ಮೂರು ದಿನ ಇದ್ರು. ಪ್ರಜ್ಞೆ ಬಂತು. ಕನ್ನಡಕ ಎಲ್ಲಿಟ್ಟೆ ಅಂತ ಹೆಂಡ್ತಿ ಜತೆ ಜಗಳ ಬೇರೆ!"

"ಮೂರು ದಿನಾನೂ?"

"ಮೂರು ದಿನಾನೂ. ಕೊನೆಗೆ ನೋಡಿದ್ರೆ, ಅವರ ದಿಂಬಿನ ಕೆಳಗೇ ಇತ್ತು."

ಅವಳು ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣು ತುಂಬಿ ಬಂತು. ಎರಡು ವರ್ಷದಲ್ಲಿ ಮೊದಲ ಸಲ! ಅವಳು ಒರೆಸಿಕೊಳ್ಳಲಿಲ್ಲ.

ಟೀ ಆರಿತು. ಅವನು ಕಾದ.

"ನಿಮ್ಮ ಫೋನ್ ಬರ್ಲಿ ಅಂತ ಕಾಯ್ತೀನಿ. ಆಮೇಲೆ, ಯಾರಿಗೂ ಏನೂ ಆಗದಿರ್ಲಿ ಅಂತ ಬೇಡ್ಕೊಳ್ತೀನಿ," ಎಂದ ಮೆಲ್ಲಗೆ. "ನನಗೆ ನೀವು ಇಷ್ಟ. ಅವಸರ ಏನಿಲ್ಲ. ನಾಳೆ ನಾಲ್ಕು ಗಂಟೆಗೆ ಇದೇ ಮೇಜಲ್ಲಿ ಇರ್ತೀನಿ."

ಅವಳು ಆರಿದ ಟೀಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು.

"ಕೇಳಿಸ್ತಾ?" ಎಂದ ಅವನು.

"ನಾಳೆ ನಾಲ್ಕು ಗಂಟೆ," ಅವಳು ತಿರುಗಿ ಹೇಳಿದಳು. "ಇದೇ ಮೇಜು."