ಥಳುಕಯ್ಯನ ಕನ್ನಡಿಯೂ ಗಾಣದ ಈರಮಲ್ಲನೂ

ಬಹಳ ಹಿಂದೆ, ಮಳೆ ಹೇಳಿದ ದಿನಕ್ಕೆ ಬಂದು ಹೇಳಿದ ದಿನಕ್ಕೆ ನಿಲ್ಲುತ್ತಿದ್ದ ಕಾಲದಲ್ಲಿ, ಮುತ್ತುಗನಾಡು ಎಂಬ ರಾಜ್ಯವಿತ್ತು. ವೀರಚಂಪಕನೆಂಬ ಅರಸು ಅದನ್ನು ಆಳುತ್ತಿದ್ದ. ಆ ರಾಜ್ಯದಲ್ಲಿ ಬೇರೆಲ್ಲೂ ಸಿಗದ ಒಂದು ವಸ್ತುವಿತ್ತು. ಅದೇ ಆಟದ ಕನ್ನಡಿ.

ಆಟದ ಕನ್ನಡಿ ಅಂಗೈಯಗಲದ್ದು. ಸುತ್ತ ಕಂಚಿನ ಚೌಕಟ್ಟು. ಅದರಲ್ಲಿ ನೋಡಿದರೆ ನೋಡಿದವರ ಮುಖ ಕಾಣುತ್ತಿರಲಿಲ್ಲ. ಒಂದು ನದಿ, ಆಚೆ ದಡದಲ್ಲೊಂದು ಕೋಟೆ, ಈಚೆ ದಡದಲ್ಲಿ ಹೆಬ್ಬೆರಳೆತ್ತರದ ಒಬ್ಬ ಸವಾರ ಕಾಣುತ್ತಿದ್ದ. ಚೌಕಟ್ಟಿನ ಎಡಕ್ಕೆ ಒತ್ತಿದರೆ ಸವಾರ ಎಡಕ್ಕೆ ಹೋಗುವನು, ಬಲಕ್ಕೆ ಒತ್ತಿದರೆ ಬಲಕ್ಕೆ. ನಡುವೆ ಒತ್ತಿದರೆ ನೆಗೆಯುವನು. ನದಿಯಲ್ಲಿದ್ದ ಮೊಸಳೆಯ ಬಾಯಿಗೆ ಬಿದ್ದರೆ ಮತ್ತೆ ಈಚೆ ದಡದಲ್ಲೇ ಎದ್ದು ನಿಲ್ಲುವನು. ಕೋಟೆಯ ಬಾಗಿಲು ಮುಟ್ಟಿದರೆ ಕನ್ನಡಿಯೊಳಗೆ ಹೂಮಳೆ ಸುರಿಯುವುದು.

ಊರಿನ ಕಂಚುಗಾರರು ಮಾಡಿದ ಕನ್ನಡಿ ಅದು. ಮನೆಗೆ ಒಂದೋ ಎರಡೋ. ಸಂಜೆ ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆ ಗೋಡೆಯ ಗೂಡಿನಿಂದ ಕೆಳಗಿಳಿಸಬೇಕು. ಊಟಕ್ಕೆ ಎಲೆ ಹಾಕುವ ಮೊದಲು ಮಗುಚಿ ಇಡಬೇಕು. ಅಜ್ಜ ಆಡಿದ ಕನ್ನಡಿಯಲ್ಲೇ ಮೊಮ್ಮಗನೂ ಆಡುತ್ತಿದ್ದ.

ಹೀಗಿರುವಾಗ ಆ ಊರಿಗೆ ಥಳುಕಯ್ಯ ಎಂಬ ಮಾಂತ್ರಿಕ ಬಂದ.

ಎರಡು ನವಿಲು ಎಳೆಯುವ ಗಾಡಿಯಲ್ಲಿ, ಹುಣ್ಣಿಮೆಯ ಬೆಳಗ್ಗೆ, ಅವನು ಪೇಟೆಯ ನಡುವೆ ನಿಂತು ಹೊಸ ಕನ್ನಡಿ ತೋರಿಸಿದ. ಅದರೊಳಗೆ ಬಣ್ಣ ಹೆಚ್ಚು, ಸದ್ದು ಹೆಚ್ಚು. ಮೊಸಳೆಗೆ ಬದಲು ಏಳು ಹೆಡೆಯ ಸರ್ಪ. ಸುಳ್ಳು ಹೇಳಬಾರದು, ಕನ್ನಡಿ ಚೆನ್ನಾಗಿಯೇ ಇತ್ತು.

"ಬೆಲೆ ಏನಯ್ಯಾ?" ಎಂದರು ಜನ.

"ಬೆಲೆ ಎಂಥದು! ನಿಮ್ಮ ಹಳೇ ಕನ್ನಡಿ ಕೊಡಿ. ಜೊತೆಗೆ ಒಂದೇ ಒಂದು ನಗು ಕೊಡಿ" ಎಂದ ಥಳುಕಯ್ಯ, ಗಾಡಿಯಲ್ಲಿದ್ದ ಒಂದು ಮಡಕೆಯ ಬಾಯಿ ತೆರೆದು.

ನಗುವಿಗೆ ಯಾರು ಲೆಕ್ಕ ಇಡುತ್ತಾರೆ? ಜನ ಮಡಕೆಯೊಳಗೆ ಬಗ್ಗಿ ಒಂದೊಂದು ನಗು ನಕ್ಕು ಹೊಸ ಕನ್ನಡಿ ಒಯ್ದರು. ಮುಂದಿನ ಹುಣ್ಣಿಮೆಗೆ ಅದಕ್ಕಿಂತ ಹೊಸದು ಬಂತು. ಅದರ ಮುಂದಿನದಕ್ಕೆ ಇನ್ನೂ ಹೊಸದು. ಸರ್ಪ ದಾಟುವುದರೊಳಗೆ ಸಿಂಹದ ಕನ್ನಡಿ ಬಂದಿರುತ್ತಿತ್ತು, ಸಿಂಹ ದಾಟುವುದರೊಳಗೆ ಸಿಡಿಲಿನದು. ಯಾವ ಮನೆಯಲ್ಲೂ ಯಾವ ಆಟವೂ ಮುಗಿಯಲಿಲ್ಲ. ಊರಲ್ಲಿ ನಗುವಿನ ಸದ್ದಡಗುತ್ತ ಬಂತು. ಅರಸನ ಸಭೆಯ ವಿದೂಷಕ ಕೆಲಸ ಬಿಟ್ಟು ಜೋಳ ಬಿತ್ತಲು ಹೋದ.

ಆ ಊರಲ್ಲಿ ಕನ್ನಡಿ ಬದಲಿಸದವನು ಒಬ್ಬನೇ. ಅವನು ಗಾಣದ ಈರಮಲ್ಲ. ಹಗಲೆಲ್ಲ ಎತ್ತಿನ ಹಿಂದೆ ಗಾಣ ಸುತ್ತಿ ಎಳ್ಳೆಣ್ಣೆ ತೆಗೆಯುವುದು, ಸಂಜೆ ಅಪ್ಪನ ಕಾಲದ ಕನ್ನಡಿಯಲ್ಲಿ ಸವಾರನನ್ನು ಕೋಟೆ ಮುಟ್ಟಿಸುವುದು, ಇಷ್ಟೇ ಅವನ ದಿನಚರಿ.

"ಏನೋ ಈರಮಲ್ಲ, ಇನ್ನೂ ಆ ಮುದಿ ಮೊಸಳೆಯ ಹತ್ತಿರಾನೇ ಒದ್ದಾಡ್ತಿದ್ದೀಯಾ? ಅದಕ್ಕೆ ಹಲ್ಲೆಲ್ಲ ಉದುರಿರಬೇಕು" ಎಂದು ಅಕ್ಕ ಹೊನ್ನವ್ವ ಚುಡಾಯಿಸುತ್ತಿದ್ದಳು.

"ಉದುರಿಲ್ಲ ಅಕ್ಕ. ನೆನ್ನೆ ತಾನೆ ಕಚ್ತು" ಎನ್ನುತ್ತಿದ್ದ ಅವನು.

ತಾಯಿ ಚನ್ನಾಜಮ್ಮ ಜಪಮಣಿ ಎಣಿಸುತ್ತಲೇ ಹೇಳುವಳು: "ಅವನನ್ನ ಯಾಕೆ ಆಡ್ಕೊಳ್ತೀಯೆ? ನಾನು ಮದುವೆಯಾಗಿ ಬಂದಾಗಿಂದ ಇದೇ ನಾಮ ಹೇಳ್ತಿದ್ದೀನಿ. ಹಳತಾಯ್ತು ಅಂತ ದೇವರಿಗೆ ಹೊಸ ಹೆಸರು ಹುಡುಕ್ಲಾ?"

ಹೊನ್ನವ್ವ ಆಗ ನಗುತ್ತಿದ್ದಳು. ಅವಳು ನಕ್ಕರೆ ಪಕ್ಕದ ಬೀದಿಯ ಸೂರಿನ ಮೇಲಿನ ಕೋಳಿಗಳು ಹಾರುತ್ತಿದ್ದವು. ಆದರೆ ಹುಣ್ಣಿಮೆ ಹುಣ್ಣಿಮೆಗೂ ಅವಳೂ ಪೇಟೆಗೆ ಹೋದಳು. ಕೋಳಿಗಳು ಸೂರಿನ ಮೇಲೆ ನೆಮ್ಮದಿಯಾಗಿ ಕೂತವು.

ಒಂದು ಹುಣ್ಣಿಮೆ ಅಕ್ಕನ ಜೊತೆ ಈರಮಲ್ಲನೂ ಪೇಟೆಗೆ ಹೋದ. ಹೊನ್ನವ್ವ ಮಡಕೆಯೊಳಗೆ ಬಗ್ಗಿ ನಗಲು ನೋಡಿದಳು. ನಗು ಬರಲಿಲ್ಲ. ಮತ್ತೆ ಬಗ್ಗಿದಳು. ಬರೀ ಉಸಿರು ಬಂತು.

"ತೀರಿಹೋಯ್ತೇನಮ್ಮ?" ಎಂದ ಥಳುಕಯ್ಯ, ಬಹಳ ಮರುಕದಿಂದ. "ಪರವಾಗಿಲ್ಲ. ನಗು ಇಲ್ಲದವರು ತಾವೇ ಬಂದರೂ ಸರಿ."

ಅವನು ಚಿಟಿಕೆ ಹೊಡೆದ. ಹೊನ್ನವ್ವ ನಿಂತ ಜಾಗದಲ್ಲಿ ಅವಳ ಸೆರಗಿನ ಗಾಳಿ ಮಾತ್ರ ಉಳಿಯಿತು. ಥಳುಕಯ್ಯನ ಕೈಯ ಕನ್ನಡಿಯೊಳಗೆ ಹೆಬ್ಬೆರಳೆತ್ತರದ ಹೊನ್ನವ್ವ ಗಾಜು ಬಡಿಯುತ್ತಿದ್ದಳು. ಈರಮಲ್ಲ ಗಾಡಿಯ ಹಿಂದೆ ಓಡಿದ. ನವಿಲುಗಳು ಗರಿ ಬಿಚ್ಚಿ ಗಾಡಿಯನ್ನು ಎತ್ತಿಕೊಂಡು ಹೋದವು. ಹೋಗುವಾಗ ಮಾಂತ್ರಿಕ ಕೂಗಿದ: "ಅಮಾವಾಸ್ಯೆ ಸಂಜೆ ಹಳೇ ಕನ್ನಡಿಯೆಲ್ಲ ಬೀಸುಕಲ್ಲಿಗೆ ಹಾಕ್ತೀನಿ. ಒಳಗಿದ್ದವರು ಹೊಸ ಕನ್ನಡಿಗೆ ಬಣ್ಣವಾಗ್ತಾರೆ. ಬರೋದಾದರೆ ಅಷ್ಟರೊಳಗೆ ಬಾ!"

ಈರಮಲ್ಲ ಮನೆಗೆ ಬಂದು ತಾಯಿಯ ಕಾಲಿಗೆ ಬಿದ್ದ. ಚನ್ನಾಜಮ್ಮ ಅಳಲಿಲ್ಲ. ಬುತ್ತಿ ಕಟ್ಟಿದಳು. "ಗಾಣದ ಎತ್ತಿನ ನಡಿಗೆ ನಡಿ, ಮಗನೇ. ಓಡಬೇಡ, ನಿಲ್ಲಬೇಡ" ಎಂದಳು.

ಅವನು ನಡೆದ. ಊರು ದಾಟಿದ, ಹೊಳೆ ದಾಟಿದ, ಕುರುಚಲು ಕಾಡು ದಾಟಿದ. ಕಾಡಿನಾಚೆ ದಾರಿಗೆ ಅಡ್ಡಲಾಗಿ ಒಂದು ಬಂಡೆ. ಬಂಡೆಯ ಮೇಲೆ ಗೆರೆ ಕೊರೆದ ಆಡು-ಹುಲಿ ಆಟದ ಮನೆ. ಅದರ ಮುಂದೆ ಒಂದು ನಿಜವಾದ ಹುಲಿ ಕೂತಿತ್ತು.

"ಕೂತ್ಕೋ" ಎಂದಿತು ಹುಲಿ. "ನನ್ನ ಜೊತೆ ಆಡಬೇಕು. ಆಟದ ನಡುವೆ ಎದ್ದವರನ್ನ ತಿಂತೀನಿ. ಇಲ್ಲೀವರೆಗೆ ಬಂದವರೆಲ್ಲ ಎದ್ದರು."

"ಆಗಲಿ ಹುಲಿರಾಯ. ಹುಲಿ ಕಾಯಿ ನಿನಗೆ, ಆಡು ನನಗೆ."

"ಛೀ! ಇಡೀ ದಿನ ಹುಲಿಯಾಗಿರೋದು ಸಾಲದಾ? ಆಡು ನನಗೆ ಕೊಡು."

ಹುಲಿ ಆಡುಗಳನ್ನು ನಡೆಸಿತು, ಈರಮಲ್ಲ ಹುಲಿಗಳನ್ನು. ಹುಲಿಗೆ ಯೋಚನೆ ಬಹಳ. ಒಂದು ಕಾಯಿ ಇಡಲು ಬಾಲ ಎತ್ತಿ, ಮೀಸೆ ನೆಕ್ಕಿ, ಇಟ್ಟದ್ದನ್ನು ಮತ್ತೆ ತೆಗೆದು, ಬಿಸಿಲು ಬಂಡೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತು. ಈರಮಲ್ಲ ಕಾದ. ಆಟವೆಂದರೆ ಎದುರಿನವರಿಗೆ ಕಾಯುವುದೂ ಸೇರಿದ್ದೇ ಎಂದು ಅವನು ತಿಳಿದಿದ್ದ. ಕೊನೆಗೆ ಹುಲಿಯ ಆಡುಗಳು ಈರಮಲ್ಲನ ಹುಲಿಗಳನ್ನೆಲ್ಲ ಕಟ್ಟಿಹಾಕಿದವು.

"ಗೆದ್ದೆ!" ಎಂದು ಹುಲಿ ನೆಗೆಯಿತು. "ಅಯ್ಯೋ, ಕಾಲು ಏಳ್ತಾ ಇದೆ! ಆಟ ಮುಗಿಯೋವರೆಗೂ ಏಳಬಾರದು ಅಂತ ಥಳುಕಯ್ಯ ನನ್ನ ಕಟ್ಟಿಹಾಕಿದ್ದ. ಕೇಳು ಅಪ್ಪಾ, ಅವನ ಮಾಟವೆಲ್ಲ ಹೀಗೇನೇ. ಕನ್ನಡಿಯೊಳಗೆ ಸಿಕ್ಕಿದವರೂ ಅಷ್ಟೇ. ಆ ಆಟವನ್ನ ಯಾರಾದರೂ ಕೊನೆ ಮುಟ್ಟಿಸಿದರೆ ಅವರು ಹೊರಗೆ. ಯಾರೂ ಮುಟ್ಟಿಸಿಲ್ಲ. ನನಗೆ ಬಾಯಾರಿದೆ, ಬರ್ತೀನಿ." ಹೀಗೆಂದು ಅದು ಹೊಳೆಯ ಕಡೆ ಓಡಿತು.

ಈರಮಲ್ಲ ನಡೆದ. ಬಯಲು ದಾಟಿದ, ಹಳ್ಳ ದಾಟಿದ, ಬಿದಿರಿನ ಮೆಳೆ ದಾಟಿದ. ಅಲ್ಲಿ ಒಂದು ಗಿಳಿದೋಪು. ಥಳುಕಯ್ಯನ ಮಾಟಕ್ಕೆ ಸಿಕ್ಕಿದ ಆ ಗಿಳಿಗಳೆಲ್ಲ ಹಿಂದೆ ಮನುಷ್ಯರು. ಅವು ಬೈದಾಗ ಎದುರು ಮಾತಾಡಿದವರು ಅಲ್ಲಿಯೇ ಗಿಳಿಯಾಗುತ್ತಿದ್ದರು.

"ನೋಡ್ರೋ, ಹಳಸಲು ಬಂದ!" ಎಂದಿತೊಂದು.

"ಇವನ ಕನ್ನಡೀಲಿ ಇನ್ನೂ ಮೊಸಳೆಯಂತೆ! ನಮ್ಮಜ್ಜಿ ಅದಕ್ಕೆ ಸೋಬಾನೆ ಹಾಡಿದ್ದಳಂತೆ!" ಎಂದಿತು ಮತ್ತೊಂದು.

ಈರಮಲ್ಲನಿಗೆ ನಗು ಬಂತು. ತುಟಿ ಕಚ್ಚಿಕೊಂಡು ನಡೆದ. ತೋಪಿನ ಕೊನೆಯಲ್ಲಿ ಒಂದು ಮುದಿ ಗಿಳಿ ಮೆಲ್ಲಗೆ ಹೇಳಿತು: "ಪೇಟೆಯಲ್ಲಿ ನಿನ್ನಕ್ಕ 'ಇವನು ನನ್ನ ತಮ್ಮ' ಅಂತ ಹೇಳೋಕೆ ನಾಚ್ತಿದ್ದಳು. ಗೊತ್ತಾ?"

ಅವನ ಕಾಲು ನಿಂತಿತು. ಬಾಯಿ ತೆರೆದ. ತೋಳಿನ ಮೇಲೆ ಹಸಿರು ಪುಕ್ಕವೊಂದು ಮೂಡಿತು. ಅದು ನಿಜವೂ ಇರಬಹುದು ಎಂದು ಅವನಿಗೆ ಅನ್ನಿಸಿತು; ನಿಜವಾದರೂ ಅವಳು ಅಕ್ಕನೇ ಎಂದೂ ಅನ್ನಿಸಿತು. ಬಾಯಿ ಮುಚ್ಚಿ ಹೆಜ್ಜೆ ಇಟ್ಟ. ಪುಕ್ಕ ಉದುರಿತು.

ಅಮಾವಾಸ್ಯೆಯ ಬೆಳಗ್ಗೆ ಅವನು ಥಳುಕಯ್ಯನ ಮನೆ ಮುಟ್ಟಿದ. ಗೋಡೆಯೆಲ್ಲ ಕನ್ನಡಿ. ಪ್ರತಿ ಕನ್ನಡಿಯೊಳಗೂ ಹೊನ್ನವ್ವನಂತೆಯೇ ನಗು ತೀರಿ ಸಿಕ್ಕಿದ ಊರವರು ಒಬ್ಬೊಬ್ಬರು. ಕುಂಬಾರ ಬೊಮ್ಮಣ್ಣ, ಸೂಲಗಿತ್ತಿ ಕಾಳಮ್ಮ, ಕಿರೀಟ ಓರೆಯಾಗಿದ್ದ ಅರಸು ವೀರಚಂಪಕ ಕೂಡ. ಅಟ್ಟದ ಮೇಲೆ ಅರಗು ಮೆತ್ತಿದ ಮಡಕೆಗಳ ಸಾಲು. ಅವುಗಳೊಳಗೆ ಊರಿನ ನಗುವೆಲ್ಲ ಗುಂಯ್ ಎನ್ನುತ್ತಿತ್ತು. ನಡುಮನೆಯಲ್ಲಿ ಬೀಸುಕಲ್ಲು.

"ಬಂದೆಯಾ?" ಎಂದು ಥಳುಕಯ್ಯ ನಕ್ಕಂತೆ ಹಲ್ಲು ತೋರಿಸಿದ. "ಇಗೋ ನಿನ್ನಕ್ಕ. ಹೊತ್ತು ಮುಳುಗೋವರೆಗೂ ಆಡು. ಆಟ ಮುಗಿಸಿದವನನ್ನ ನನ್ನ ಆಯುಸ್ಸಿನಲ್ಲಿ ನೋಡಿಲ್ಲ."

ಈರಮಲ್ಲ ಕನ್ನಡಿ ಹಿಡಿದು ಕೂತ. ಅದು ತೇಲುವ ಕಲ್ಲುಗಳ ಕೆರೆ. ಹೊನ್ನವ್ವ ಕಲ್ಲಿನಿಂದ ಕಲ್ಲಿಗೆ ನೆಗೆದು ಆಚೆ ಬಾಗಿಲು ಮುಟ್ಟಬೇಕು. ಕಲ್ಲುಗಳು ಮುಳುಗುವವು, ಮೇಲಿಂದ ಹದ್ದು ಎರಗುವುದು. ಹಳೇ ಕನ್ನಡಿಯ ಅಭ್ಯಾಸ ಇಲ್ಲಿ ಏನೂ ನಡೆಯಲಿಲ್ಲ. ಮೊದಲ ನೆಗೆತಕ್ಕೇ ಅಕ್ಕ ನೀರುಪಾಲು.

"ಕಣ್ಣು ಕಾಣಲ್ವೇನೋ ನಿನಗೆ? ಎಡಕ್ಕೆ ಕಣೋ, ಎಡಕ್ಕೆ!" ಕನ್ನಡಿಯೊಳಗಿಂದ ಸಣ್ಣ ದನಿ ಬಂತು.

"ಎಡಕ್ಕೇ ಒತ್ತಿದೆ ಅಕ್ಕ, ನೀನೇ ತಡ ಮಾಡಿದೆ!"

"ನಾನಾ? ಒದ್ದೆ ಸೀರೆ ಉಟ್ಕೊಂಡು ನೀನು ನೆಗಿ ನೋಡೋಣ!"

ಬಿದ್ದಳು, ಎದ್ದಳು. ಬಿದ್ದಳು, ಎದ್ದಳು. ಥಳುಕಯ್ಯ ಪಕ್ಕದಲ್ಲಿ ಬಂದು ಕೂತ. "ಇಗೋ ಇದಕ್ಕಿಂತ ಹೊಸದು. ಇದರಲ್ಲಿ ನಿನ್ನಕ್ಕನಿಗೆ ರೆಕ್ಕೆ ಇದೆ." ಈರಮಲ್ಲ ತಲೆ ಎತ್ತಲಿಲ್ಲ. "ಇಗೋ ಇನ್ನೂ ಹೊಸದು. ಇದರಲ್ಲಿ ನೀನೇ ಅರಸು." ಈರಮಲ್ಲ ತಲೆ ಎತ್ತಲಿಲ್ಲ. "ಇದು ನೋಡು, ಎಲ್ಲಕ್ಕಿಂತ ಹೊಸದು. ಇದನ್ನ ನೀನು ಆಡಲೂ ಬೇಡ. ತನ್ನಷ್ಟಕ್ಕೆ ತಾನೇ ಆಡಿ ತಾನೇ ಗೆಲ್ಲುತ್ತೆ!"

"ಹಾಗಾದರೆ ನನಗೇನು ಕೆಲಸ ಅಯ್ಯಾ?" ಎಂದ ಈರಮಲ್ಲ, ಕಣ್ಣು ಕೀಳದೆ.

ಹೊತ್ತು ಇಳಿಯಿತು. ಹೊನ್ನವ್ವ ಕೆರೆಯ ನಡು ದಾಟಿ, ಹದ್ದನ್ನು ತಪ್ಪಿಸಿ, ಕೊನೆಯ ಕಲ್ಲಿನ ಮೇಲೆ ಕಾಲಿಟ್ಟು, ಜಾರಿ, ತಲೆಕೆಳಗಾಗಿ ಬಿದ್ದಳು. ನೀರ ಮೇಲೆ ಎರಡು ಪಾದ ಮಾತ್ರ ಆಡುತ್ತಿದ್ದವು. ಅವಳು ಎದ್ದಾಗ ತಲೆಯ ಮೇಲೆ ತಾವರೆ ಎಲೆ, ಎಲೆಯ ಮೇಲೊಂದು ಕಪ್ಪೆ. ಈರಮಲ್ಲ ಕಿಸಕ್ಕನೆ ನಕ್ಕ.

"ನಗ್ತೀಯಾ? ಇಲ್ಲಿ ನನ್ನ ಪ್ರಾಣ ಹೋಗ್ತಿದೆ, ನೀನು..." ಎಂದು ಬೈಯಲು ಹೊರಟ ಹೊನ್ನವ್ವನ ತಲೆಯ ಮೇಲಿಂದ ಕಪ್ಪೆ 'ವಟ್' ಎಂದಿತು. ಅವಳಿಗೂ ನಗು ಒತ್ತರಿಸಿ ಬಂತು. ಯಾರ ಮಡಕೆಗೂ ಸೇರದ, ಆಗತಾನೆ ಹುಟ್ಟಿದ ನಗು. ಅಟ್ಟದ ಮಡಕೆಗಳು ಗಡಗಡ ನಡುಗಿದವು. ಥಳುಕಯ್ಯ ಎದ್ದು ನಿಂತ.

"ಇನ್ನೊಂದ್ಸಲ?" ಎಂದ ತಮ್ಮ.

"ಹ್ಞೂ, ಬಾ" ಎಂದಳು ಅಕ್ಕ.

ಈ ಸಲ ಅವಳ ಕಾಲು ಹಗುರಾಗಿದ್ದವು, ಅವನ ಬೆರಳು ನಿಧಾನವಾಗಿದ್ದವು. ಕಲ್ಲಿಂದ ಕಲ್ಲಿಗೆ, ಹದ್ದಿನ ನೆರಳಿನಡಿ, ಕೊನೆಯ ಕಲ್ಲಿನಿಂದ ಬಾಗಿಲಿಗೆ. ಕನ್ನಡಿಯೊಳಗೆ ಹೂಮಳೆ ಸುರಿಯಿತು. ಮರುಗಳಿಗೆ ಹೊನ್ನವ್ವ ತಮ್ಮನ ಎದುರು ಆಳೆತ್ತರ ನಿಂತಿದ್ದಳು, ಕೂದಲ ತುಂಬ ಎಸಳು.

ಅವಳು ತಮ್ಮನ ತಲೆಗೆ ಒಂದು ಮೊಟಕಿ ಗೋಡೆಯಿಂದ ಇನ್ನೊಂದು ಕನ್ನಡಿ ಇಳಿಸಿದಳು. "ನಿನಗೆ ಸುಸ್ತಾಗಿದೆ. ಕೂತ್ಕೋ." ಕುಂಬಾರ ಬೊಮ್ಮಣ್ಣ ಹೊರಬಂದ. ಅವನು ಒಂದು ಇಳಿಸಿದ. ಸೂಲಗಿತ್ತಿ ಕಾಳಮ್ಮ ಹೊರಬಂದು ಒಂದು ಇಳಿಸಿದಳು. ದೀಪದಿಂದ ದೀಪ ಹಚ್ಚಿದಂತೆ ಬಿಡುಗಡೆ ಹಬ್ಬಿತು.

ಹೊತ್ತು ಮುಳುಗಿದಾಗ ಥಳುಕಯ್ಯ ಬೀಸುಕಲ್ಲಿಗೆ ಕೈ ಹಾಕಿದ. ಊರವರೇ ಅದರ ಮೇಲೆ ಕೂತು ಆಡುತ್ತಿದ್ದರು. "ಹೊಸದು ಕೊಡ್ತೀನಿ! ಇನ್ನೂ ಹೊಸದು!" ಎಂದು ಕೂಗಿದ. "ತಡಿಯಯ್ಯಾ, ಇದು ಮುಗೀಲಿ" ಎಂದರು ಜನ, ತಲೆ ಎತ್ತದೆ. ಅರಸು ವೀರಚಂಪಕನೂ ಹೊರಬಂದ ಮೇಲೆ ಗೋಡೆ ಬರಿದಾಯಿತು. ಮಾಂತ್ರಿಕನ ಮೈಮೇಲಿನ ಹೊಳಪೆಲ್ಲ ಇಳಿದು, ಹಲ್ಲೂ ಉದುರಿ, ಅಲ್ಲಿ ಒಬ್ಬ ಬಡಕಲು ಮುದುಕ ಉಳಿದ.

"ಇವನನ್ನ ಇದೇ ಕಲ್ಲಲ್ಲಿ ಹಾಕಿ ಅರೀರಿ!" ಎಂದ ಅರಸು.

"ಬೇಡ ಮಹಾಸ್ವಾಮಿ" ಎಂದ ಈರಮಲ್ಲ. "ಮಡಕೆಗಳು ಇನ್ನೂ ಒಡೆದಿಲ್ಲ. ಆಟ ಮುಗಿದರೆ ಮಾಟ ಬಿಡುತ್ತೆ ಅಂತ ಹುಲಿ ಹೇಳ್ತು; ಇವನ ಆಟ ಇನ್ನೂ ಬಾಕಿ ಇರಬೇಕು. ಅಜ್ಜ, ಇಷ್ಟು ಕನ್ನಡಿ ಮಾಡಿದೆಯಲ್ಲ, ಒಂದನ್ನಾದರೂ ನೀನು ಪೂರ್ತಿ ಆಡಿದ್ದೀಯಾ?"

ಮುದುಕ ನೆಲ ನೋಡಿದ. "ಮಾಡೋದರಲ್ಲೇ ಆಯ್ತು. ಆಡೋಕೆ ಪುರುಸೊತ್ತು ಎಲ್ಲಿ ಸಿಕ್ತು?"

ಹೊನ್ನವ್ವ ಅವನ ರಟ್ಟೆ ಹಿಡಿದು ಕೂರಿಸಿ, ತಾನು ಸಿಕ್ಕಿದ್ದ ಕನ್ನಡಿಯನ್ನೇ ಕೈಗಿಟ್ಟಳು. ಅದರಲ್ಲೀಗ ಮನುಷ್ಯರಿರಲಿಲ್ಲ, ಒಂದು ಬಣ್ಣದ ಗೊಂಬೆ ಇತ್ತು. ಮುದುಕ ಒತ್ತಿದ. ಗೊಂಬೆ ಮುಳುಗಿತು. ಅವನು ಸಿಡುಕಿ ಕನ್ನಡಿ ಎಸೆದು ಬೇರೆಯದು ಕೇಳಿದ.

"ಬೇರೆ ಇಲ್ಲ. ಇದೇ" ಎಂದಳು ಹೊನ್ನವ್ವ.

ಅವನು ಗೊಣಗಿಕೊಂಡೇ ಎತ್ತಿಕೊಂಡ. ಮುಳುಗಿಸಿದ. ಮತ್ತೆ ಮುಳುಗಿಸಿದ. ಜನ ಸುತ್ತ ನೆರೆದು "ಎಡಕ್ಕೆ ಅಜ್ಜಾ, ಹದ್ದು ಬಂತು, ಹದ್ದು!" ಎಂದು ಕೂಗಿದರು. ಕೆರೆಯ ನಡು ದಾಟಿ ಗೊಂಬೆ ಬಿದ್ದಾಗ ಅರಸು, "ಸಾಕು ಬಿಡು, ನಿನ್ನ ಕೈಲಾಗಲ್ಲ" ಎಂದ.

"ತಡಿಯಪ್ಪಾ, ಇನ್ನೊಂದ್ಸಲ!" ಎಂದು ಮುದುಕ ಅರಸನ ಕೈ ತಳ್ಳಿದ.

ಆ ಸಲ ಗೊಂಬೆ ಬಾಗಿಲು ಮುಟ್ಟಿತು. ಹೂಮಳೆ ನೋಡಿ ಥಳುಕಯ್ಯ ಬೊಚ್ಚುಬಾಯಿ ಅಗಲಿಸಿ ಹುಟ್ಟಿದಂದಿನಿಂದ ನಗದಿದ್ದ ನಗುವನ್ನು ನಕ್ಕ. ಅಟ್ಟದ ಮೇಲಿನ ಮಡಕೆಗಳೆಲ್ಲ ಒಡೆದವು. ನಗುಗಳು ಗುಬ್ಬಿ ಹಿಂಡಿನಂತೆ ಹೊರಟು ಅವರವರ ಎದೆಗೆ ಸೇರಿದವು. ತೋಪಿನ ಗಿಳಿಗಳು ಮನುಷ್ಯರಾಗಿ, ಮರದ ಮೇಲಿಂದ ಇಳಿಯುವುದು ಹೇಗೆಂದು ತಿಳಿಯದೆ ಕೂಗಿಕೊಂಡವು.

ಊರಿಗೆ ಬಂದ ಮೇಲೆ ಅರಸು, "ಇನ್ನು ಈ ರಾಜ್ಯದಲ್ಲಿ ಹೊಸ ಕನ್ನಡಿ ಕೂಡದು" ಎಂದು ಡಂಗುರ ಸಾರಿಸಲು ಹೊರಟ. ಈರಮಲ್ಲ ತಡೆದ. "ಹೊಸದರ ಮೇಲೆ ನನಗೆ ಹಗೆಯಿಲ್ಲ ಸ್ವಾಮಿ. ಆ ಕೆರೆಯ ಆಟ ಬಲು ಚೆನ್ನಾಗಿತ್ತು. ಕೈಲಿರೋದನ್ನ ಮನಸಾರೆ ಆಡಿ ಮುಗಿಸೋಣ. ಆಮೇಲೆ ಬೇಕು ಅನ್ನಿಸಿದರೆ ಹೊಸದು ತರೋಣ."

ಹಾಗೆಯೇ ಆಯಿತು. ಥಳುಕಯ್ಯ ಕಂಚುಗಾರರ ಬೀದಿಯಲ್ಲಿ ಗುಡಿಸಲು ಹಾಕಿಕೊಂಡು ಬಿರುಕು ಬಿಟ್ಟ ಕನ್ನಡಿಗಳಿಗೆ ಬೆಸುಗೆ ಹಾಕುತ್ತ ಕಾಲ ಕಳೆದ. ಬೆಸುಗೆಯಾದ ಕನ್ನಡಿ ಕೇಳಲು ಹೋದವರಿಗೆ, "ನಾಳೆ ಬನ್ನಿ, ಸರಿಯಾಗಿದೆಯೋ ಇಲ್ಲವೋ ಆಡಿ ನೋಡಬೇಕು" ಎನ್ನುತ್ತಿದ್ದ. ಮರುದಿನವೂ ಹಾಗೆಯೇ ಎನ್ನುತ್ತಿದ್ದ.

ಮುತ್ತುಗನಾಡಿನವರು ದುಡಿದರು, ಉಂಡರು, ಆಡಿದರು, ನೂರು ಕಾಲ ಸುಖವಾಗಿದ್ದರು. ಅವರನ್ನು ಕಾಯ್ದ ದೇವರು ಕತೆ ಕೇಳಿದವರನ್ನೂ ಕಾಯಲಿ.