ಗಂಟೆ ಕಳಚಿದ ಕುದುರೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ನೀಲಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಕೆಂಚವ್ವನಿಗೆ ಇದು ನಿನ್ನ ಕೈಲಾಗದು ಎಂದವರು ಮೂವರು. ಅತ್ತೆ ಹೇಳಿದಳು, ಲಾಯದ ಯಜಮಾನ ಹೇಳಿದ, ಸಿಂಹಾಸನದ ಮೇಲಿಂದ ರಾಜನೂ ಹೇಳಿದ.

ಕೆಂಚವ್ವ ಅರಮನೆಯ ಲಾಯಕ್ಕೆ ಹುಲ್ಲು ಹೊರುವವಳು. ಅವಳ ಮಗಳು ಚೆಲುವಿ ಮಾತಾಡುತ್ತಿರಲಿಲ್ಲ. ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಸದ್ದಾದರೆ ಕಿವಿ ಮುಚ್ಚಿಕೊಂಡು ನಡುಗುತ್ತಿದ್ದಳು. ಗುಡ್ಡದ ಮೇಲೆ ಝಂಕಾರನೆಂಬ ಮಾಂತ್ರಿಕನಿದ್ದ. ಮಾತಾಡದ ಮಕ್ಕಳನ್ನು ಅವನು ಒಯ್ದು, ಕಲ್ಲಾಗಿಸಿ, ತನ್ನ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಅವನ ಕೈಯಿಂದ ಉಳಿಯಲು ಇದ್ದದ್ದು ಒಂದೇ ದಾರಿ. ಮುಗಿಲ ಎಂಬ ಮಾಯಾಕುದುರೆಯ ಮೇಲೆ ಕೂತು ಮಗು ಕೋಟೆಯ ಮೂರು ಬಾಗಿಲು ದಾಟಬೇಕು. ಮುಗಿಲನೋ ಯಾರನ್ನೂ ಬೆನ್ನಿಗೆ ಹತ್ತಿಸುತ್ತಿರಲಿಲ್ಲ. ಮಗಳನ್ನು ಅವನ ಮೇಲೆ ಕೂರಿಸುತ್ತೇನೆಂದು ಕೆಂಚವ್ವ ಹೊರಟಾಗಲೇ ಆ ಮೂವರೂ ಕೈಲಾಗದು ಎಂದದ್ದು.

ನೀಲಕೋಟೆಯಲ್ಲಿ ಗಂಟೆಸರ ಕಟ್ಟದೆ ಕುದುರೆಯನ್ನು ಲಾಯದಿಂದ ಹೊರಗೆ ತರುವಂತಿರಲಿಲ್ಲ. ಆ ಸದ್ದಿಗೆ ಕೆಡುಕು ದೂರವಾಗುತ್ತದೆಂದು ಜನ ನಂಬಿದ್ದರು. ಹಾಗೆಂದು ಅವರಿಗೆ ಕಲಿಸಿದವನು ಝಂಕಾರನೇ.

ಮುಗಿಲನನ್ನು ಹೊರಗೆ ತಂದಾಗ ಗಂಟೆಗಳು ಗಲಗಲ ಎಂದವು. ಚೆಲುವಿ ಕಿವಿ ಮುಚ್ಚಿಕೊಂಡಳು. ಕುದುರೆಯೂ ಕಿವಿಗಳನ್ನು ಹಿಂದಕ್ಕೆ ಒತ್ತಿ ನಡುಗಿತು. ಎರಡು ಜೀವಗಳ ನಡುಕವೂ ಒಂದೇ ಎಂದು ಕೆಂಚವ್ವ ಕಂಡುಕೊಂಡಳು. ಸರ ಬಿಚ್ಚತೊಡಗಿದಳು.

“ಗಂಟೆ ಬಿಚ್ಚಿದ್ರೆ ಪೀಡೆ ಹತ್ತುತ್ತೆ ಕಣವ್ವ,” ಎಂದ ಯಜಮಾನ. “ಹುಲ್ಲು ಹೊರೋಳು ಹುಲ್ಲು ಹೊರು.”

“ಹೊತ್ತಿದೀನಿ ಯಜಮಾನ್ರೇ. ಅದಕ್ಕೇ ಇದು ನಿಮ್ಮನ್ನ ಕಚ್ಚುತ್ತೆ, ನನ್ನನ್ನ ಕಚ್ಚಲ್ಲ.”

ಅವಳು ಜೀನು ತೆಗೆದು ಕಂಬಳಿ ಹಾಸಿದಳು. ಚೆಲುವಿ ಕುದುರೆಯ ಬೆನ್ನ ಮೇಲೆ ಬೋರಲು ಮಲಗಿ ಅದರ ಕೊರಳಿಗೆ ಕೆನ್ನೆ ಇಟ್ಟಳು. ಇಬ್ಬರ ಉಸಿರೂ ಮೆಲ್ಲಗಾಯಿತು. ಕುದುರೆ ನಡೆಯಿತು. ಕೆಂಚವ್ವ ಮಗಳ ಕಾಲು ಹಿಡಿದು ಪಕ್ಕದಲ್ಲೇ ನಡೆದಳು.

ಮೊದಲ ಬಾಗಿಲಲ್ಲಿ ಒಬ್ಬ ರಾಕ್ಷಸಿ ನಿಂತಿದ್ದಳು. ಅವಳ ಕಣ್ಣು ನೋಡಿದವರು ಕಲ್ಲಾಗುತ್ತಿದ್ದರು. ಚೆಲುವಿ ಕುದುರೆಯ ಕೂದಲನ್ನು ನೋಡುತ್ತಿದ್ದಳು, ತಾಯಿ ಮಗಳ ಪಾದವನ್ನು. ದಾಟಿದರು.

ಎರಡನೆಯ ಬಾಗಿಲಲ್ಲಿ ಚಿನ್ನದ ಗಿಳಿಯೊಂದು ಹೆಸರು ಕೇಳಿತು. ಉತ್ತರ ಕೊಟ್ಟವರನ್ನು ಅದು ಗರಿಯಾಗಿಸಿ ತನ್ನ ರೆಕ್ಕೆಗೆ ಸಿಕ್ಕಿಸಿಕೊಳ್ಳುತ್ತಿತ್ತು. ಚೆಲುವಿ ಮಾತಾಡಲಿಲ್ಲ. ತಾಯಿ ತುಟಿ ಕಚ್ಚಿಕೊಂಡಳು. ದಾಟಿದರು.

ಮೂರನೆಯ ಬಾಗಿಲಲ್ಲಿ ಝಂಕಾರನೇ ಇದ್ದ. ಅವನ ಪ್ರಾಣವೆಲ್ಲ ಅಲ್ಲಿ ತೂಗುತ್ತಿದ್ದ ದೊಡ್ಡ ಗಂಟೆಯ ಸದ್ದಿನಲ್ಲಿತ್ತು. ಅವನು ಬಾರಿಸಿದ. ನೆಲ ಅದುರಿತು. ಕುದುರೆ ಮುಂಗಾಲೆತ್ತಿತು, ಚೆಲುವಿ ಚೀರಿ ಜಾರತೊಡಗಿದಳು. ಕೆಂಚವ್ವ ಎಡಗೈಯಿಂದ ಮಗಳನ್ನು ಅವಚಿ ಹಿಡಿದು, ಬಲಗೈಯನ್ನು ಗಂಟೆಗೂ ಅದರ ನಾಲಗೆಗೂ ನಡುವೆ ಇಟ್ಟಳು. ಎಲುಬು ಮುರಿಯಿತು. ಸದ್ದು ಹುಟ್ಟಲಿಲ್ಲ. ಅವನು ಮತ್ತೆ ಬಾರಿಸಿದ. ಅವಳು ಕೈ ತೆಗೆಯಲಿಲ್ಲ.

ಆ ನಿಶ್ಶಬ್ದದಲ್ಲಿ ಚೆಲುವಿ ಕುದುರೆಯ ಕೊರಳು ತಟ್ಟಿದಳು.

“ನಡಿ,” ಎಂದಳು.

ಕುದುರೆ ಬಾಗಿಲು ದಾಟಿತು. ಝಂಕಾರ ಬೂದಿಯಾಗಿ ಉದುರಿದ. ಗುಡ್ಡದ ಮೇಲಿನ ಕಲ್ಲುಗಳು ಮಕ್ಕಳಾಗಿ ಮನೆಗಳಿಗೆ ಇಳಿದು ಬಂದವು.

ರಾಜ ಕೆಳಗಿಳಿದು ಬಂದು, ಏನು ಬೇಕೆಂದು ಕೇಳಿದ. ಕೆಂಚವ್ವ ಲಾಯ ಬೇಕೆಂದಳು. ಕಲ್ಲಾಗಿದ್ದ ಮಕ್ಕಳು ಕುದುರೆ ಹತ್ತಲು ಅಲ್ಲಿಗೆ ಬರತೊಡಗಿದರು. ಚೆಲುವಿ ಆಮೇಲೂ ಹೆಚ್ಚು ಮಾತಾಡಲಿಲ್ಲ; ಮಾತಾಡೆಂದು ಯಾರೂ ಪೀಡಿಸಲಿಲ್ಲ. ಎಲ್ಲರೂ ಸುಖವಾಗಿದ್ದರು.

ಈಗ ಲಾಯ ಕೆಂಚವ್ವನದು. ಅದರ ಮುಂದಿನ ಬಯಲು ಅವಳದು. ಗಂಟೆಯಿಲ್ಲದ ಕುದುರೆಗಳು ಅವಳವು. ಅದಕ್ಕೆ ಅವಳು ತೆತ್ತದ್ದು ಬಲಗೈ. ಮಕ್ಕಳನ್ನು ಎಡಗೈಯಲ್ಲೇ ಎತ್ತಿ ಕೂರಿಸುತ್ತಾಳೆ.