ಲವಂಗ ಜಗಿಯುವವನು

ಲವಂಗದ ವಾಸನೆ ಬಂದರೆ ಅವಳಿಗೆ ಇಂದಿಗೂ ಅಪ್ಪನ ನೆನಪು. ಕುಡಿದು ಬಂದು, ಬಾಯಿಗೆ ನಾಲ್ಕು ಲವಂಗ ಹಾಕಿಕೊಂಡು, "ನಾನೆಲ್ಲಿ ಕುಡಿದೆ?" ಎಂದು ಅಮ್ಮನ ಮೇಲೆ ಕೈಯೆತ್ತುತ್ತಿದ್ದ ಅಪ್ಪ...

ಮರಗೆಲಸದ ಅಂಗಡಿಯಲ್ಲಿ ಅವಳು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು. ಜಾರಿಬಿದ್ದ ಬೆತ್ತದ ಎಳೆಯನ್ನು ಎತ್ತಿಕೊಡಲು ಹೊಸದಾಗಿ ಸೇರಿದ್ದ ಪಾಲಿಶ್ ಕೆಲಸದವನು ಬಾಗಿದ. ಕಣ್ಣು ಕಣ್ಣು ಕೂಡಿದವು. ಎದೆ ಝಲ್ಲೆಂದಿತು! ಮರುಕ್ಷಣವೇ ಮೂಗಿಗೆ ಬಡಿಯಿತು... ಲವಂಗ.

'ಅಯ್ಯೋ, ಇವನೂ ಕುಡುಕನೇ!'

ಅಂದಿನಿಂದ ಅವಳಿಗೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ. ಕಣ್ಣು ಕೆಂಪಗಿದ್ದರೆ, ರಾತ್ರಿಯದು ಇಳಿದಿಲ್ಲ. ಊಟ ಬಿಟ್ಟರೆ, ಹೊಟ್ಟೆ ಕೆಟ್ಟಿದೆ. ಬೆತ್ತ ತಗುಲಿ ಅವಳ ಬೆರಳು ಸೀಳಿದಾಗ ಸದ್ದಿಲ್ಲದೆ ಬಂದು ಬಟ್ಟೆ ಸುತ್ತಿದನಲ್ಲ? 'ಅಪ್ಪನೂ ಮರುದಿನ ಬಲು ಒಳ್ಳೆಯವನೇ!'

ಅವನು ಒಮ್ಮೆಯೂ ತೂರಾಡಿರಲಿಲ್ಲ, ಯಾರ ಮೇಲೂ ದನಿಯೆತ್ತಿರಲಿಲ್ಲ. ಅದು ಮಾತ್ರ ಅವಳ ಲೆಕ್ಕಕ್ಕೆ ಬರಲೇ ಇಲ್ಲ.

ಆದರೂ ಮನಸ್ಸು... ಅವನ ಹೆಜ್ಜೆಯ ಸದ್ದಿಗೇ ಕಾಯುತ್ತಿತ್ತು.

ಒಂದು ಸಂಜೆ ಅವನೇ ಕೇಳಿದ. "ಮದ್ವೆ ಮಾತಾಡೋಕೆ ನಮ್ಮಕ್ಕನ್ನ ನಿಮ್ಮನೆಗೆ ಕಳಿಸ್ಲಾ?"

"ಕುಡುಕನ್ನ ಕಟ್ಕೊಂಡು ನಮ್ಮಮ್ಮ ಅನುಭವಿಸಿದ್ದೇ ಸಾಕು ರೀ!"

ಅವನು ಬಾಯಿ ತೆರೆದ. ಮರುಗಳಿಗೆ ಕೆನ್ನೆ ಹಿಡಿದುಕೊಂಡು, ಏನೂ ಹೇಳದೆ ಹೊರಟುಹೋದ.

'ಒಪ್ಪಿಕೊಂಡಂತೆಯೇ ಆಯ್ತಲ್ಲ!' ಎಂದುಕೊಂಡಳು. ಮನೆಗೆ ಬಂದು ಅತ್ತಳು.

ಆಮೇಲೆ ಅವನು ಕೆಲಸಕ್ಕೆ ಬರಲೇ ಇಲ್ಲ.

"ಎಲ್ಲೋ ಕುಡಿದು ಬಿದ್ದಿರ್ಬೇಕು," ಎಂದಳು ಮೇಸ್ತ್ರಿಯ ಮುಂದೆ.

ಮೇಸ್ತ್ರಿ ಉಳಿ ಕೆಳಗಿಟ್ಟರು. "ಯಾರು, ಅವ್ನಾ? ಸಂಜೆ ಕಾಫಿ ಕುಡಿಯೋಕೂ ಹೆದರೋನು! ಹುಳುಕು ಹಲ್ಲು ಕಣಮ್ಮಾ. ನೋವಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಗರಗಸಕ್ಕೆ ಹೆದರದೋನು ಹಲ್ಲಿನ ಡಾಕ್ಟರಿಗೆ ಹೆದರಿ ಲವಂಗ ಕಚ್ಕೊಂಡೇ ಇದ್ದ. ಈಗ ಕೀವು ದವಡೆಗಿಳಿದು ಆಸ್ಪತ್ರೆ ಸೇರಿದಾನೆ. ಬದುಕಿದ್ದೇ ಹೆಚ್ಚು."

ಅವಳ ಕೈಯಿಂದ ಬೆತ್ತದ ಎಳೆ ಜಾರಿತು. ಎತ್ತಿಕೊಡುವವನಿರಲಿಲ್ಲ.

ಅವಳು ಆಸ್ಪತ್ರೆಗೆ ಹೋದಾಗ, ಮಂಚದ ಮೇಲೆ ಮಲಗಿದ್ದ ಅವನ ಮುಖ ಬಾತುಹೋಗಿತ್ತು. ದವಡೆಗೆ ಪಟ್ಟಿ.

"ಆವತ್ತೇ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ... ನಂಬ್ತಿದ್ರಾ?"

ಹೂಂ ಎನ್ನಲು ಹೊರಟಳು. ಆದರೆ ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. "ಇಲ್ಲ... ಇದೂ ಕುಡುಕರ ನೆಪ ಅಂತಿದ್ದೆ."

ಅವನು ನಗಲು ಹೋಗಿ, ನೋವಿಗೆ ಕಣ್ಣು ಮುಚ್ಚಿದ.

"ನನ್ನ ಭಯ ಇನ್ನೂ ಪೂರ್ತಿ ಹೋಗಿಲ್ಲ," ಎಂದಳು. "ಆದ್ರೂ ನೀವಂದ್ರೆ ಇಷ್ಟ. ನಿಮ್ಮಕ್ಕನ್ನ ಕಳಿಸ್ತೀರಾ?"

ಅವನ ಕಣ್ಣಂಚು ಒದ್ದೆಯಾಯಿತು. "ನಂಗೂ ಭಯಾನೇ... ಇನ್ನೂ ಒಂದು ಹಲ್ಲು ಕೀಳ್ಬೇಕಂತೆ."

"ಪಕ್ಕದಲ್ಲೇ ಕೂತಿರ್ತೀನಿ."

ಅವಳು ಚೀಲದಿಂದ ಡಬ್ಬಿ ತೆಗೆದಳು. ಅಗಿಯುವ ಕಷ್ಟವೇ ಇರದಂತೆ ಅಮ್ಮ ಮೆತ್ತಗೆ ಬೇಯಿಸಿ, ನುಣ್ಣಗೆ ಕಿವುಚಿದ್ದ ಅನ್ನ. ಚಮಚದೊಡನೆ ಅದನ್ನು ಅವನ ಕೈಗಿಟ್ಟಳು.